ನೇರಳೆ ಡಬ್ಬಿಗೆ ಎರಡು ಅಂಕ, ಬ್ರಷ್‌ಗೆ ಐದು

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿಗಳ ಅಂಗಳ ತೊಳೆಯಲು ತಂದ ಐದು ಲೀಟರಿನ ಆ ನೇರಳೆ ಬಣ್ಣದ ಸೋಂಕುನಿವಾರಕಕ್ಕೆ ಐದರಲ್ಲಿ ಎರಡು ಅಂಕ. ಅದು ತುಂಬಿ ಬಂದ ಡಬ್ಬಿಗೆ ನಾಲ್ಕು. ಹಿಡಿ ಗಟ್ಟಿಯಾಗಿದೆ, ಮುಚ್ಚಳ ಸೋರುವುದಿಲ್ಲ. ಈಗ ಅದಕ್ಕೆ ಮರಳು ತುಂಬಿಸಿ, ಗೇಟು ಗಾಳಿಗೆ ಬಡಿಯದಂತೆ ಒತ್ತಾಗಿ ಇಟ್ಟಿದ್ದೇನೆ. ಒಳಗಿದ್ದ ದ್ರಾವಣಕ್ಕಿಂತ ಈ ಮರಳು ಹೆಚ್ಚು ಕೆಲಸಕ್ಕೆ ಬಂದಿದೆ ಎಂದರೆ ಸ್ವಲ್ಪ ಅತಿಯಾದೀತು, ಆದರೆ ಸ್ವಲ್ಪವೇ.

ನಮ್ಮದು ಮೂರು ನಾಯಿಗಳ ಮನೆ: ಕರಿಯ, ಬೆಳ್ಳಿ, ಮೋಟು. ಇವುಗಳ ಜತೆಗೆ ಯಾರೋ ಬಿಟ್ಟುಹೋದ, ಎಲ್ಲೋ ಗಾಯಗೊಂಡ, ಬೇರೊಂದು ಮನೆ ಸಿಗುವವರೆಗೆ ತಂಗಲು ಬಂದ ಒಂದೋ ಎರಡೋ ಅತಿಥಿಗಳು ಇದ್ದೇ ಇರುತ್ತವೆ. ಹಿತ್ತಲಿನಲ್ಲಿ 24 ಅಡಿ ಉದ್ದ, 10 ಅಡಿ ಅಗಲಕ್ಕೆ ತಂತಿಬೇಲಿ ಹಾಕಿಸಿ ಅವುಗಳಿಗೆಂದೇ ಒಂದು ಅಂಗಳ ಮಾಡಿದ್ದೇವೆ. ಮನೆಯ ಕಡೆಗಿನ 14 ಅಡಿ ಕಾಂಕ್ರೀಟು, ಆಚೆಯ 10 ಅಡಿ ನುಣುಪಾದ ಸಣ್ಣ ಹೊಳೆಗಲ್ಲು. ಮುಂದೆ ನಿಂತು ಕಟ್ಟಿಸಿದವನು ನನ್ನ ಅಣ್ಣ. ಅವನ ಇಳಿಜಾರಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಅಂಗಳವನ್ನು ಹನ್ನೊಂದು ತಿಂಗಳಿನಿಂದ ದಿನವೂ ನಾನೇ ತೊಳೆಯುತ್ತಿದ್ದೇನೆ. ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಗಾಜಿನ ಸಾಮಾನು ತೊಳೆದೇ ಆಯುಷ್ಯ ಕಳೆದಿದ್ದೇನೆ ಎನ್ನಬಹುದು. ಹಾಗಾಗಿ ಯಾವ ಬಾಟಲಿ ಕೈಗೆ ಬಂದರೂ ಮೊದಲು ಅದರ ಬೆನ್ನು ನೋಡುವುದು ನನ್ನ ಅಭ್ಯಾಸ. ನೇರಳೆ ಡಬ್ಬಿಯ ವಿಷಯದಲ್ಲಿ ಮಾತ್ರ ಆ ಅಭ್ಯಾಸ ಕೈಕೊಟ್ಟಿತು. ಅದರ ಮುಂಭಾಗದಲ್ಲಿ ಒಂದು ನಾಯಿ ಅಷ್ಟು ಚೆನ್ನಾಗಿ ನಗುತ್ತಿತ್ತು.

ಕಂಪನಿಗಳ ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನ ಕಡಿಮೆ, ಏಕೆಂದರೆ ಇಂಥ ದ್ರಾವಣಗಳು ಹತ್ತಾರು ಹೆಸರಿನಲ್ಲಿ, ಹತ್ತಾರು ಪರಿಮಳದಲ್ಲಿ ಸಿಗುತ್ತವೆ. ಒಳಗಿರುವ ವಸ್ತು ಮಾತ್ರ ನಾಲ್ಕೈದೇ ಬಗೆ. ಡಬ್ಬಿಯ ಹಿಂದೆ ಎಳ್ಳಿನ ಗಾತ್ರದ ಅಕ್ಷರದಲ್ಲಿ ಅದು ಬರೆದಿರುತ್ತದೆ. ನಾನು ಅಂಕ ಕೊಡುತ್ತಿರುವುದು ಆ ಎಳ್ಳಕ್ಷರಗಳಿಗೆ.

ಮೊದಲ ಮೂರು ತಿಂಗಳು ನನ್ನ ಕ್ರಮ ಹೀಗಿತ್ತು: ಬೆಳಿಗ್ಗೆ ಮಲ ಎತ್ತುವುದು, ಹೋಸ್ ಪೈಪಿನಲ್ಲಿ ನೀರು ಬಿಡುವುದು, ಪಾತ್ರೆ ತೊಳೆಯುವ ಸಾಬೂನಿನ ದ್ರವ ಹಾಕಿ ಉಜ್ಜುವುದು, ಅದರ ಮೇಲೆಯೇ ನೇರಳೆ ದ್ರಾವಣ ಸುರಿದು ಒಂದು ಸುತ್ತು ಗುಡಿಸಿ ಒಳಗೆ ಹೋಗುವುದು. ನೆಲ ಹೊಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಲ್ಯಾವೆಂಡರ್ ತೋಟದೊಳಗೆ ಯಾರೋ ಮೂತ್ರ ಮಾಡಿದಂಥ ವಾಸನೆ ಏಳುತ್ತಿತ್ತು. ದ್ರಾವಣ ಸಾಲದೇನೋ ಎಂದು ಇನ್ನಷ್ಟು ಸುರಿದೆ. ತೋಟ ದೊಡ್ಡದಾಯಿತು, ಮೂತ್ರ ಹಾಗೆಯೇ ಉಳಿಯಿತು.

ಒಂದು ದಿನ ಕನ್ನಡಕ ಹಾಕಿಕೊಂಡು ಹಿಂಬದಿ ಓದಿದೆ. ಬೆಂಜಾಲ್ಕೋನಿಯಂ ಕ್ಲೋರೈಡ್. ಓದಿದ ಕೂಡಲೇ ನನ್ನ ಮೇಲೆಯೇ ನಗು ಬಂತು. ಇದು ಧನ ವಿದ್ಯುದಂಶವಿರುವ ವಸ್ತು. ಪಾತ್ರೆಯ ಸಾಬೂನು ಋಣ ವಿದ್ಯುದಂಶದ್ದು. ಎರಡೂ ಸೇರಿದರೆ ಒಂದನ್ನೊಂದು ಹಿಡಿದುಕೊಂಡು ಎರಡೂ ಕೆಲಸ ಬಿಡುತ್ತವೆ. ಗಾಜಿನ ಲೋಟವೊಂದರಲ್ಲಿ ಸಾಬೂನಿನ ನೀರು ಇಟ್ಟು ಅದಕ್ಕೆ ನೇರಳೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ನೋಡಿದೆ. ಮೂರನೆಯ ಹನಿಗೆ ತಿಳಿಯಾದ ನೀರು ಹಾಲುಬಣ್ಣಕ್ಕೆ ತಿರುಗಿತು, ಹತ್ತನೆಯ ಹನಿಗೆ ಬಿಳಿಯ ಚೂರುಗಳು ತೇಲಿದವು. ಮೂರು ತಿಂಗಳು ದಿನವೂ ನಾನು ಕಾಂಕ್ರೀಟಿನ ಮೇಲೆ ಮಾಡಿದ್ದು ಇದನ್ನೇ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇದು ಕಂಪನಿಯ ತಪ್ಪಲ್ಲ, ನನ್ನದು. ಸಾಬೂನನ್ನು ಪೂರ್ತಿ ತೊಳೆದು, ನಿಂತ ನೀರನ್ನು ತಳ್ಳಿ, ಆಮೇಲೆ ಹಾಕಿದರೆ ಈ ಬಗೆಯ ದ್ರಾವಣ ಸಾಮಾನ್ಯ ಬ್ಯಾಕ್ಟೀರಿಯಾಗಳ ಮೇಲೆ, ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ್ದರಂಥ, ಕೊಬ್ಬಿನ ಹೊದಿಕೆಯಿರುವ ವೈರಸ್‌ಗಳ ಮೇಲೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಹಾಗೆ ಮಾಡಲು ಆರಂಭಿಸಿದ ಮೇಲೆ ಅಂಕವನ್ನು ಮೂರೂವರೆಗೆ ಏರಿಸಿದ್ದೆ.

ಅದನ್ನು ಎರಡಕ್ಕೆ ಇಳಿಸಿದ್ದು ನಾಲ್ಕನೆಯ ತಿಂಗಳಿನಲ್ಲಿ ಬಂದ ಒಂದು ಮರಿ.

ಎರಡು ತಿಂಗಳ ಹೆಣ್ಣುಮರಿ, ಅಂಗೈಯಗಲದ ಹೊಟ್ಟೆ. ಬಂದ ಮೂರನೆಯ ದಿನ ವಾಂತಿ, ನಾಲ್ಕನೆಯ ದಿನ ರಕ್ತಭೇದಿ. ಪಶುವೈದ್ಯರು ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ತೋರಿಸಿ ಪಾರ್ವೊ ಎಂದರು. ಮರಿ ಆರು ದಿನ ಡ್ರಿಪ್ ಮೇಲಿದ್ದು ಉಳಿಯಿತು. ಈಗ ಬೇರೊಂದು ಮನೆಯಲ್ಲಿ ಸೋಫಾ ಹರಿಯುತ್ತಿದೆಯಂತೆ. ನನ್ನ ಮೂರಕ್ಕೂ ಲಸಿಕೆ ಆಗಿದ್ದರಿಂದ ಅವುಗಳಿಗೇನೂ ಆಗಲಿಲ್ಲ. ಉಳಿದದ್ದು ಅಂಗಳ. ಪಾರ್ವೊ 1978ರಲ್ಲಿ ಕಾಣಿಸಿಕೊಂಡು ಎರಡು ವರ್ಷದೊಳಗೆ ಜಗತ್ತನ್ನೇ ಸುತ್ತಿದ ವೈರಸ್. ಅದಕ್ಕೆ ಕೊಬ್ಬಿನ ಹೊದಿಕೆಯಿಲ್ಲ, ಬರೀ ಪ್ರೋಟೀನಿನ ಗಟ್ಟಿ ಚಿಪ್ಪು. ಆದ್ದರಿಂದಲೇ ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಕುಳಿತಿರಬಲ್ಲದು. ಬೆಂಜಾಲ್ಕೋನಿಯಂ ಬಗೆಯ ದ್ರಾವಣವನ್ನು ಇದರ ವಿರುದ್ಧ ನಂಬುವಂತಿಲ್ಲ.

ನೇರಳೆ ಡಬ್ಬಿಯ ಮೇಲಿದ್ದ ಸಹಾಯವಾಣಿಗೆ ಫೋನ್ ಮಾಡಿದೆ. "99.9 ಶೇಕಡಾ ರೋಗಾಣು ನಾಶ ಎಂದು ಬರೆದಿದ್ದೀರಿ, ಪಾರ್ವೊ ಅದರಲ್ಲಿ ಸೇರಿದೆಯೇ?" ಎಂದು ಕೇಳಿದೆ.

ಆ ಕಡೆಯ ಹುಡುಗಿ ಒಂದು ಕ್ಷಣವೂ ಯೋಚಿಸದೆ, "ಹೌದು ಮೇಡಂ, ಎರಡು ಪಟ್ಟು ಗಟ್ಟಿಯಾಗಿ ಬೆರೆಸಿ ಹಾಕಿ" ಎಂದಳು.

"ನಿಮ್ಮ ಲೇಬಲ್ಲಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲವಲ್ಲಮ್ಮ."

"ಹಾಗಾದರೆ ಮೂರು ಪಟ್ಟು ಮೇಡಂ."

ಪಾಪ, ಅವಳ ಮುಂದೆ ಯಾರೋ ಬರೆದುಕೊಟ್ಟ ಕಾಗದವಿತ್ತೇನೋ. ಅವಳ ಮೇಲೆ ಕೋಪವಿಲ್ಲ. ಆದರೆ ತಪ್ಪು ಬೀಗಕ್ಕೆ ಮೂರು ಬೀಗದ ಕೈ ಒಟ್ಟಿಗೆ ತುರುಕಿದರೂ ಬಾಗಿಲು ತೆರೆಯುವುದಿಲ್ಲ. ಗಟ್ಟಿ ಮಾಡಿದಷ್ಟೂ ನಾಯಿಗಳ ಪಾದಕ್ಕೂ ನಾಲಿಗೆಗೂ ಉರಿ ಹೆಚ್ಚು, ಅಷ್ಟೇ. ಅಂಗಳಕ್ಕೆ ಬೆಕ್ಕು ಬರುವ ಮನೆಯಾದರೆ ಇನ್ನೂ ಎಚ್ಚರ ಬೇಕು. ಒದ್ದೆ ನೆಲ ತುಳಿದು ಪಾದ ನೆಕ್ಕಿಕೊಂಡ ಬೆಕ್ಕಿನ ಬಾಯಿಯಲ್ಲಿ ಈ ದ್ರಾವಣ ಹುಣ್ಣು ಮಾಡಬಲ್ಲದು. ಫಿನಾಯಿಲ್ ಜಾತಿಯ ವಸ್ತುಗಳೂ ಬೆಕ್ಕಿಗೆ ವಿಷ. ಅವನ್ನು ನಾನು ಅಂಗಳಕ್ಕೆ ತಂದೇ ಇಲ್ಲ, ಹಾಗಾಗಿ ಅಂಕವೂ ಇಲ್ಲ.

ಪಶುವೈದ್ಯರು ಹೇಳಿದ್ದು ಎಲ್ಲ ಮನೆಯಲ್ಲೂ ಇರುವ ಬ್ಲೀಚ್. ಐದಾರು ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚನ್ನು ಒಂದು ಪಾಲಿಗೆ ಮೂವತ್ತೆರಡು ಪಾಲು ನೀರಿನಂತೆ, ಅಂದರೆ ಲೀಟರಿಗೆ ಸುಮಾರು 30 ಮಿಲಿಲೀಟರ್ ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಬೇಕು. ಇದು ಪಾರ್ವೊವನ್ನು ಕೊಲ್ಲುತ್ತದೆ. ಎಲ್ಲೆಡೆ ಸಿಗುತ್ತದೆ. ಇಷ್ಟಾದರೂ ನಾನು ಮೂರು ಅಂಕದ ಮೇಲೆ ಕೊಡಲಾರೆ. ಬೆರೆಸಿದ್ದು ಆ ದಿನಕ್ಕೆ ಮಾತ್ರ, ಮರುದಿನಕ್ಕೆ ಇಟ್ಟರೆ ಸತ್ವ ಇಳಿಯುತ್ತದೆ. ಅರ್ಧ ವರ್ಷ ಬಿಸಿ ಕೋಣೆಯಲ್ಲಿ ಕುಳಿತ ಬಾಟಲಿಯ ಮೇಲಿನ ಶೇಕಡಾವಾರು ಲೆಕ್ಕವನ್ನು ನಂಬುವುದು ಕಷ್ಟ. ನೆಲದಲ್ಲಿ ಮಲದ ಕಲೆಯೋ ಮಣ್ಣೋ ಉಳಿದಿದ್ದರೆ ಬ್ಲೀಚು ಅದರೊಡನೆ ಸೆಣಸಿ ಸುಸ್ತಾಗುತ್ತದೆ, ವೈರಸ್‌ವರೆಗೆ ತಲುಪುವುದೇ ಇಲ್ಲ. ನನ್ನ ಬೇಲಿಯ ತಂತಿಯ ಕೆಳಗಿನ ಒಂದು ಗೇಣು ತುಕ್ಕು ಹಿಡಿದದ್ದೂ ಇದರ ಕೃಪೆ.

ಇನ್ನೊಂದು ವಿಷಯ. ಇದನ್ನು ಹೇಳಲು ನಾಚಿಕೆ, ಏಕೆಂದರೆ ನಾನೇ ವಿದ್ಯಾರ್ಥಿಗಳಿಗೆ ಸಾವಿರ ಸಲ ಹೇಳಿದ್ದೇನೆ. ಒಂದು ಬೆಳಿಗ್ಗೆ ಅವಸರದಲ್ಲಿ, ರಾತ್ರಿಯಿಡೀ ಮೂತ್ರ ನಿಂತಿದ್ದ ಮೂಲೆಗೆ ನೀರು ಬಿಡದೆ ನೇರ ಬ್ಲೀಚ್ ಸುರಿದುಬಿಟ್ಟೆ. ಹಳಸಿದ ಮೂತ್ರದಲ್ಲಿ ಅಮೋನಿಯಾ ಇರುತ್ತದೆ. ಅದು ಬ್ಲೀಚಿನೊಡನೆ ಸೇರಿ ಕ್ಲೋರಮೀನ್ ಅನಿಲ ಎದ್ದಿತು. ಗಂಟಲಿಗೆ ಯಾರೋ ಮೆಣಸಿನ ಹೊಗೆ ಹಾಕಿದ ಹಾಗೆ. ಕಣ್ಣೀರು ಸುರಿಸುತ್ತ ಗೇಟಿನಾಚೆ ಓಡಿ ಬಂದು ಕೆಮ್ಮುತ್ತ ನಿಂತೆ. ಮೋಟು ಬೇಲಿಯ ಆಚೆಯಿಂದ ತಲೆ ವಾರೆ ಮಾಡಿ ನೋಡುತ್ತಿತ್ತು. ಮೊದಲು ಬೇಕಾದಷ್ಟು ನೀರು, ಆಮೇಲೆ ಬ್ಲೀಚು. ವಿನೆಗರ್, ಕಕ್ಕಸು ತೊಳೆಯುವ ಆಮ್ಲ, ಮುಂದೆ ಹೇಳುವ ಗುಲಾಬಿ ಪುಡಿ, ಇವ್ಯಾವನ್ನೂ ಬ್ಲೀಚಿನೊಡನೆ ಸೇರಿಸಬಾರದು. ಅಲ್ಲಿ ಏಳುವುದು ನೇರ ಕ್ಲೋರಿನ್.

ಈಗ ನಾನು ನಿಂತಿರುವುದು ಆ ಗುಲಾಬಿ ಪುಡಿಯ ಮೇಲೆ. ಪೊಟ್ಯಾಸಿಯಂ ಪೆರಾಕ್ಸಿಮೊನೊಸಲ್ಫೇಟ್. ಹೆಸರು ಹೇಳುವಷ್ಟರಲ್ಲಿ ನೆಲ ಒಣಗುತ್ತದೆ, ಆದ್ದರಿಂದ ಮನೆಯಲ್ಲಿ ಅದು ಗುಲಾಬಿ ಪುಡಿಯೇ. ಲೀಟರಿಗೆ 10 ಗ್ರಾಂ. ನನ್ನ ಎಂಟು ಲೀಟರಿನ ಸಿಂಪಡಿಸುವ ಪಂಪಿಗೆ 80 ಗ್ರಾಂ ತೂಗಿ ಹಾಕುತ್ತೇನೆ. ತೂಗುವಾಗ ಮಾಸ್ಕ್ ಹಾಕಿಕೊಳ್ಳುವುದು ಕಡ್ಡಾಯ, ಪುಡಿಯ ಧೂಳು ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. ನೀರಿಗೆ ಬಿದ್ದ ಕೂಡಲೇ ಮೊದಲು ಗುಲಾಬಿ ಎಳೆಗಳು ತಳಕ್ಕೆ ಇಳಿಯುತ್ತವೆ, ಕಡ್ಡಿಯಿಂದ ಕಲಕಿದರೆ ಒಂದೆರಡು ನಿಮಿಷದಲ್ಲಿ ಪೂರ್ತಿ ಕರಗಿ ತಿಳಿಗುಲಾಬಿ ನೀರಾಗುತ್ತದೆ, ನಿಂಬೆಯ ವಾಸನೆ ಬರುತ್ತದೆ. ದಿನ ಕಳೆದಂತೆ ಆ ಬಣ್ಣ ಮಾಸುತ್ತದೆ. ಸತ್ವ ಇಳಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಬ್ಲೀಚಿನ ಹಾಗೆ ಒಂದೇ ದಿನಕ್ಕೆ ಕೈಬಿಡುವುದಿಲ್ಲ, ಕೆಲವು ದಿನ ತಾಳುತ್ತದೆ. ನೆಲದಲ್ಲಿ ಸಣ್ಣಪುಟ್ಟ ಕೊಳೆ ಉಳಿದಿದ್ದರೂ ಬ್ಲೀಚಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನಾನು ಕೊಂಡ ಡಬ್ಬಿಯ ಪಟ್ಟಿಯಲ್ಲಿ ಪಾರ್ವೊದ ಹೆಸರೂ, ಹತ್ತು ನಿಮಿಷ ಎಂಬ ಸಮಯವೂ ಸ್ಪಷ್ಟವಾಗಿವೆ. ತಕರಾರು ಎರಡೇ: ಒಣಗಿದ ಮೇಲೆ ತೆಳ್ಳನೆಯ ಬಿಳಿ ಪೊರೆ ಬಿಡುತ್ತದೆ, ಲೋಹದ ಮೇಲೆ ಹಾಗೆಯೇ ಬಿಟ್ಟರೆ ಅದನ್ನೂ ತಿನ್ನುತ್ತದೆ. ಹತ್ತು ನಿಮಿಷದ ನಂತರ ನೀರು ಹಾಯಿಸಿದರೆ ಎರಡೂ ಇಲ್ಲ. ನಾಲ್ಕೂವರೆ ಅಂಕ.

ಹೈಡ್ರೋಜನ್ ಪೆರಾಕ್ಸೈಡಿನ ಸುಧಾರಿತ ದ್ರಾವಣಗಳೂ ಇವೆ, ಅವುಗಳ ಹೆಸರು ಒಳ್ಳೆಯದಿದೆ. ನಾನು ಒಂದು ಸಣ್ಣ ಬಾಟಲಿ ಮಾತ್ರ ಬಳಸಿದ್ದೇನೆ, ಅಷ್ಟಕ್ಕೆ ಅಂಕ ಕೊಡುವುದು ನ್ಯಾಯವಲ್ಲ.

ಹತ್ತು ನಿಮಿಷ ಎಂದೆನಲ್ಲ, ಎಲ್ಲರೂ ಸೋಲುವುದು ಅಲ್ಲಿಯೇ. ಬರೆದಷ್ಟು ಸುಲಭವಲ್ಲ ಅದು. ಅಡುಗೆಮನೆಯ ಟೈಮರ್ ಹಿಡಿದು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು ಒಂದು ದಿನ ಲೆಕ್ಕ ಹಾಕಿದೆ. ಬೆಳಿಗ್ಗೆ ಹತ್ತೂವರೆ, ಏರುಬಿಸಿಲು. ಸಿಂಪಡಿಸಿ ಮುಗಿದಾಗ ಇಡೀ ಕಾಂಕ್ರೀಟು ಗಾಢ ಬೂದು. ಎರಡನೆಯ ನಿಮಿಷಕ್ಕೆ ಗೋಡೆಯ ಅಂಚಿನಲ್ಲಿ ತಿಳಿಬೂದು ಗೆರೆಯೊಂದು ಕಾಣಿಸಿತು. ಮೂರನೆಯದಕ್ಕೆ ಅದು ಕೈಯಗಲ. ನಾಲ್ಕೂವರೆ ನಿಮಿಷಕ್ಕೆ ಒದ್ದೆ ಉಳಿದದ್ದು ನಡುವೆ ಒಂದು ಚಾಪೆಯಷ್ಟು ಜಾಗ. ಒಣಗಿದ ದ್ರಾವಣ ಕೊಲ್ಲುವ ಕೆಲಸ ಮಾಡುವುದಿಲ್ಲ. ಅಂದರೆ ನಾಲ್ಕು ತಿಂಗಳು ನಾನು ಅರ್ಧ ಕೆಲಸವನ್ನೂ ಮಾಡಿರಲಿಲ್ಲ. ಅಂದಿನಿಂದ ಸೋಂಕುನಿವಾರಣೆಯನ್ನು ನೆಲದ ಮೇಲೆ ಮನೆಯ ನೆರಳು ಬಿದ್ದ ಮೇಲೆಯೇ ಮಾಡುತ್ತೇನೆ. ಐದನೆಯ ನಿಮಿಷಕ್ಕೆ ಅಂಚುಗಳಿಗೆ ಇನ್ನೊಂದು ಸುತ್ತು ಸಿಂಪಡಿಸುತ್ತೇನೆ. ಬಿಸಿಲು ನಮಗೆ ಬೇಡವೆಂದಲ್ಲ. ತೊಳೆದು ಮುಗಿದ ಮೇಲೆ ನೆಲವನ್ನು ಪೂರ್ತಿಯಾಗಿ ಒಣಗಿಸುವ ಬಿಸಿಲಿಗಿಂತ ಒಳ್ಳೆಯ ಸಹಾಯಕ ಇಲ್ಲ. ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಸೂಕ್ಷ್ಮಜೀವಿಯ ಕೋಶಗಳು, ಇಲಿಜ್ವರದ ಬ್ಯಾಕ್ಟೀರಿಯಾ, ಕೊಕ್ಕೆಹುಳುವಿನ ಮರಿಗಳು, ಇವೆಲ್ಲ ತೇವದಲ್ಲಿ ಬದುಕುವಂಥವು, ಒಣ ನೆಲದಲ್ಲಿ ಉಳಿಯುವುದಿಲ್ಲ. ಹತ್ತು ನಿಮಿಷ ಮಾತ್ರ ಬಿಸಿಲು ಹೊರಗೆ ನಿಲ್ಲಬೇಕು.

ವಾಸನೆಯ ವಿಷಯ ಬೇರೆಯೇ. ಸೋಂಕುನಿವಾರಕ ವಾಸನೆ ತೆಗೆಯುತ್ತದೆಂದು ನಂಬಿ ನಾನು ಕೆಟ್ಟೆ. ಕಾಂಕ್ರೀಟು ಸೋಸುವ ಜರಡಿಯ ಹಾಗೆ, ಕಣ್ಣಿಗೆ ಕಾಣದ ತೂತುಗಳು. ಮೂತ್ರ ಅದರೊಳಗೆ ಇಳಿಯುತ್ತದೆ, ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೋಡ ಕವಿದ ಸಂಜೆ ಅದು ಮೇಲೆ ಏಳುತ್ತದೆ. ಇದಕ್ಕೆ ಕಿಣ್ವದ ದ್ರಾವಣಗಳು ಸಿಗುತ್ತವೆ. ನಾನು ಎರಡು ಬಗೆ ತಂದೆ. ಒಂದರ ಮೇಲೆ ದೊಡ್ಡಕ್ಷರದಲ್ಲಿ "ಯೂರಿಕ್ ಆಮ್ಲದ ಹರಳುಗಳನ್ನು ಬೇರುಸಹಿತ ಕೀಳುತ್ತದೆ" ಎಂದಿತ್ತು. ಇಲ್ಲೊಂದು ತಮಾಷೆಯಿದೆ. ಹೆಚ್ಚಿನ ನಾಯಿಗಳ ದೇಹ ಯೂರಿಕ್ ಆಮ್ಲವನ್ನು ಅಲಾಂಟೊಯಿನ್ ಎಂಬ, ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾಡಿಯೇ ಹೊರಗೆ ಕಳಿಸುತ್ತದೆ. ಯೂರಿಕ್ ಆಮ್ಲವನ್ನು ಹೇರಳವಾಗಿ ಬಿಡುವುದಕ್ಕೆ ಪ್ರಸಿದ್ಧವಾದದ್ದು ಡಾಲ್ಮೇಷಿಯನ್ ತಳಿ. ನನ್ನ ಕರಿಯನ ಮೈಮೇಲೆ ಹುಡುಕಿದರೂ ಒಂದು ಚುಕ್ಕೆ ಸಿಗುವುದಿಲ್ಲ. ಆ ಬಾಟಲಿಗೆ ಎರಡೂವರೆ.

ಇನ್ನೊಂದು, ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳೂ ಕಿಣ್ವಗಳೂ ಕೂಡಿದ ಸಾದಾ ಬಾಟಲಿ, ನಗುವ ನಾಯಿ ಇಲ್ಲದ್ದು. ಅದಕ್ಕೆ ನಾಲ್ಕು. ಆದರೆ ಅದಕ್ಕೆ ಸಮಯ ಕೊಡಬೇಕು. ಸಿಂಪಡಿಸಿ ಹೋದರೆ ಏನೂ ಆಗುವುದಿಲ್ಲ. ರಾತ್ರಿ ನಾಯಿಗಳು ಒಳಗೆ ಮಲಗಿದ ಮೇಲೆ, ವಾಸನೆಯ ಮೂಲೆಯನ್ನು ಚೆನ್ನಾಗಿ ನೆನೆಸಿ, ಒದ್ದೆ ಗೋಣಿಚೀಲ ಹೊದೆಸಿ ಬೆಳಗಿನವರೆಗೆ ಬಿಡುತ್ತೇನೆ. ಸತತ ನಾಲ್ಕು ರಾತ್ರಿ ಮಾಡಿದ ಮೇಲೆ ಐದನೆಯ ಸಂಜೆ ಮೊಣಕಾಲೂರಿ ಮೂಸಿ ನೋಡಿದೆ. ಬರೀ ಒದ್ದೆ ಸಿಮೆಂಟಿನ ವಾಸನೆ. ಬೆಳ್ಳಿಯೂ ಪಕ್ಕಕ್ಕೆ ಬಂದು ಮೂಸಿ, ನನ್ನ ಮುಖ ನೋಡಿ, ಅಲ್ಲಿಯೇ ಮತ್ತೆ ಮೂತ್ರ ಮಾಡಿತು. ನೆನಪಿಡಬೇಕಾದದ್ದು ಒಂದೇ: ಸೋಂಕುನಿವಾರಕವೂ ಈ ಕಿಣ್ವದ ದ್ರಾವಣವೂ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿ ಇರಬಾರದು. ಮೊದಲನೆಯದು ಎರಡನೆಯದರ ಕೆಲಸಗಾರರನ್ನೇ ಕೊಲ್ಲುತ್ತದೆ. ನಾನು ಸೋಂಕುನಿವಾರಣೆ ಭಾನುವಾರ, ಕಿಣ್ವ ಬುಧವಾರ ಎಂದು ಬೇರೆ ಮಾಡಿದ್ದೇನೆ. ಹೌದು, ಸೋಂಕುನಿವಾರಣೆ ವಾರಕ್ಕೆ ಒಂದೇ ಸಲ. ಕಾಯಿಲೆಯ ನಾಯಿ ಇದ್ದಾಗ ದಿನವೂ. ಉಳಿದ ದಿನ ನೀರು, ಸಾಬೂನು, ಬ್ರಷ್ಷು ಸಾಕು.

ಹೊಳೆಗಲ್ಲಿನ ಭಾಗಕ್ಕೆ ಬರುತ್ತೇನೆ. ನಾಯಿಗಳಿಗೆ ಅದೇ ಇಷ್ಟ. ಉರುಟು ಕಲ್ಲಾದ್ದರಿಂದ ಪಾದಕ್ಕೆ ಚುಚ್ಚುವುದಿಲ್ಲ, ಮೂತ್ರ ಕೆಳಗಿಳಿದುಹೋಗುತ್ತದೆ, ಕೆಸರಾಗುವುದಿಲ್ಲ. ಆದರೆ ಅದನ್ನು "ಸೋಂಕುರಹಿತ" ಮಾಡುತ್ತೇವೆಂದು ಹೇಳುವ ಯಾವ ಬಾಟಲಿಯನ್ನೂ ನಂಬಬೇಡಿ. ಕಲ್ಲಿನ ಅಡಿಯ ಮಣ್ಣಿಗೆ ಬ್ಲೀಚ್ ಸುರಿದರೆ ಮಣ್ಣೇ ಅದನ್ನು ತಿಂದು ಮುಗಿಸುತ್ತದೆ. ಪಾರ್ವೊ ಮರಿಯ ನಂತರ ಮೇಲಿನ ನಾಲ್ಕು ಬೆರಳು ಕಲ್ಲನ್ನು ತೆಗೆಸಿ ಹೊಸದು ಹಾಕಿಸಿದೆ. ಪಶುವೈದ್ಯರ ಮಾತಿನಂತೆ ಒಂದು ವರ್ಷ ಲಸಿಕೆ ಪೂರ್ತಿಯಾಗದ ಮರಿಗಳನ್ನು ಅಂಗಳಕ್ಕೆ ಬಿಡುತ್ತಿಲ್ಲ. ಆ ವರ್ಷಕ್ಕೆ ಇನ್ನೂ ಐದು ತಿಂಗಳಿದೆ.

ಹುಳುಗಳ ಲೆಕ್ಕ ಇನ್ನೂ ಬೇರೆ. ದುಂಡುಹುಳುವಿನ ಮೊಟ್ಟೆಗೆ ಬ್ಲೀಚೂ ಲೆಕ್ಕಕ್ಕಿಲ್ಲ, ಗುಲಾಬಿ ಪುಡಿಯೂ ಲೆಕ್ಕಕ್ಕಿಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಇರಬಲ್ಲದು, ಮಕ್ಕಳ ಕೈಯಿಂದ ಬಾಯಿಗೆ ಹೋದರೆ ಅವರಿಗೂ ತೊಂದರೆ. ಆದರೆ ಅದಕ್ಕೆ ಒಂದು ದೌರ್ಬಲ್ಯವಿದೆ. ಮಲದೊಡನೆ ಹೊರಬಿದ್ದ ದಿನವೇ ಅದು ಸೋಂಕು ತಗುಲಿಸಲಾರದು. ಒಳಗೆ ಮರಿ ಬೆಳೆಯಲು ಎರಡರಿಂದ ನಾಲ್ಕು ವಾರ ಬೇಕು. ಕೊಕ್ಕೆಹುಳುವಿಗೆ ಸುಮಾರು ಒಂದು ವಾರ. ಅಷ್ಟರೊಳಗೆ ಮಲ ಅಂಗಳದಲ್ಲಿ ಇಲ್ಲದಿದ್ದರೆ ಮುಗಿಯಿತು. ಉದ್ದ ಹಿಡಿಯ ಸಣ್ಣ ಸಲಿಕೆ, ಅದರ ಜತೆಗಿನ ಕುಂಟೆ, ಮುಚ್ಚಳವಿರುವ ಬಕೆಟ್, ಇವುಗಳಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಯಾವ ದ್ರಾವಣವೂ ಮಾಡಲಾರದ್ದನ್ನು ಅವು ದಿನಕ್ಕೆರಡು ಸಲ, ಸಲಕ್ಕೆ ಆರು ನಿಮಿಷದಲ್ಲಿ ಮಾಡುತ್ತವೆ. ಹೊಳೆಗಲ್ಲಿನಲ್ಲಿ ಎತ್ತುವಾಗ ಕುಂಟೆಯ ಹಲ್ಲುಗಳ ನಡುವೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಹಲ್ಲು ಅಗಲವಾಗಿರುವುದನ್ನೇ ನೋಡಿ ಕೊಳ್ಳಿ.

ಬ್ರಷ್: ಗಟ್ಟಿ ಪ್ಲಾಸ್ಟಿಕ್ ಕೂದಲು, ಐದಡಿ ಹಿಡಿ. ಕಟ್ಟಿಗೆಯ ಹಿಡಿ ಬೇಡ, ನೀರು ಕುಡಿದು ಕೊಳೆಯನ್ನೂ ಕುಡಿಯುತ್ತದೆ. ಐದು ಅಂಕ. ನೀರು ತಳ್ಳುವ ವೈಪರ್‌ಗೂ ಐದು, ಎರಡೂವರೆ ಅಡಿ ಅಗಲದ್ದಾದರೆ.

ಸಿಂಪಡಿಸುವ ಪಂಪಿಗೆ ಮೂರು. ಬ್ಲೀಚಿನ ದಿನಗಳಲ್ಲಿ ಅದರ ರಬ್ಬರ್ ವಾಷರ್ ಉಬ್ಬಿ ಒತ್ತಡ ನಿಲ್ಲದಂತಾಯಿತು, ಹಿತ್ತಾಳೆಯ ಮೂತಿ ಹಸಿರುಗಟ್ಟಿತು. ಈಗ ಪ್ಲಾಸ್ಟಿಕ್ ಮೂತಿ ಹಾಕಿ, ಪ್ರತಿ ಸಲ ಶುದ್ಧ ನೀರು ಹಾಯಿಸಿ ಇಡುತ್ತೇನೆ.

ಒತ್ತಡದಿಂದ ನೀರು ಚಿಮ್ಮಿಸುವ ಯಂತ್ರ ಅಣ್ಣನ ಉಡುಗೊರೆ, ಆದ್ದರಿಂದ ಮೆಲ್ಲಗೆ ಹೇಳುತ್ತೇನೆ: ಎರಡೂವರೆ. ಮೊದಲ ದಿನ ಸೂಜಿಧಾರೆಯ ಮೂತಿ ಹಾಕಿ ನೆಲಕ್ಕೆ ಹಿಡಿದೆ. ಕೊಳೆ ಹೋಯಿತು. ಎಲ್ಲಿಗೆ ಹೋಯಿತು ಎಂದರೆ ಬೇಲಿಗೆ, ಗೋಡೆಗೆ, ನನ್ನ ಕನ್ನಡಕಕ್ಕೆ. ಅಂಚಿನ ಗಾರೆಯೂ ಕಿತ್ತುಬಂತು. ಮಲದ ಕಣ, ಅದರೊಳಗಿನ ರೋಗಾಣು, ಎಲ್ಲವನ್ನೂ ಸಣ್ಣ ತುಂತುರಾಗಿ ಗಾಳಿಗೆ ಎತ್ತುವ ಈ ಯಂತ್ರವನ್ನು ಕಾಯಿಲೆ ಬಿದ್ದ ನಾಯಿಯ ಅಂಗಳದಲ್ಲಿ ಆರಂಭಕ್ಕೇ ಬಳಸುವುದು ರೋಗವನ್ನು ಬಿತ್ತಿದ ಹಾಗೆ. ಬೀಸಣಿಗೆಯ ಮೂತಿ ಹಾಕಿ, ದೂರದಿಂದ, ತಿಂಗಳಿಗೊಮ್ಮೆ ಪಾಚಿ ತೆಗೆಯಲು ಚೆನ್ನಾಗಿದೆ.

ಉಳಿದದ್ದು ಇಳಿಜಾರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಅಣ್ಣ ನನ್ನ ಮೇಲೆ ಎಷ್ಟು ಸಲ ಪ್ರಯೋಗಿಸಿದ್ದಾನೋ ಲೆಕ್ಕವಿಲ್ಲ. ನಮ್ಮ ನೆಲ ನಿಜವಾಗಿಯೂ ಡೊಂಕು. ಒಂದು ಮೀಟರಿಗೆ ಎರಡು ಸೆಂಟಿಮೀಟರ್ ಇಳಿಯಬೇಕೆಂದು ಅವನೇ ಹೇಳಿ ಹಾಕಿಸಿದ್ದು. ಇಳಿಯುತ್ತದೆ ಕೂಡ, ಚರಂಡಿಯ ಬಾಯಿಗೆ ಎರಡಡಿ ಇರುವವರೆಗೆ. ಅಲ್ಲಿ ಒಂದು ಪರಾತದಷ್ಟು ಅಗಲದ ತಗ್ಗು. ತೊಳೆದ ನೀರೆಲ್ಲ ಬಂದು ಅಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತದೆ. ಇಲಿ ಓಡಾಡುವ ಜಾಗದಲ್ಲಿ ನಿಂತ ನೀರು ಎಂದರೆ ಇಲಿಜ್ವರಕ್ಕೆ ಹಾಸಿದ ಹಾಸಿಗೆ. ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಅಂಗಳದ ವಾಸನೆಯ ಅರ್ಧಪಾಲು ಆ ಪರಾತದಿಂದಲೇ ಬರುತ್ತಿತ್ತು. ಎಷ್ಟು ದ್ರಾವಣ ತಂದರೂ ಅಲ್ಲಿಗೆ ಬಂದು ನೀರಿನಲ್ಲಿ ಕರಗಿ ನಿಸ್ಸತ್ವವಾಗುತ್ತಿತ್ತು.

"ಅಣ್ಣಾ, ನೀನೇ ಬಂದು ನೋಡು" ಎಂದು ಕರೆದೆ. ಬಂದ. ನೀರು ಬಿಟ್ಟೆ. ತಗ್ಗಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ.

"ಇದು ನಾಯಿಗಳು ಕೆರೆದು ಆದದ್ದು" ಎಂದ.

"ಕಾಂಕ್ರೀಟನ್ನೇ?"

"ಕರಿಯನ ಉಗುರು ನೋಡಿದ್ದೀಯಾ?"

ಮರುವಾರ ಗಾರೆ ಕಲಸಿ ತಂದು, ಅಳತೆಪಟ್ಟಿ ಇಟ್ಟು ತಾನೇ ತುಂಬಿಸಿದ. ಗಾರೆ ಪೂರ್ತಿ ಗಟ್ಟಿಯಾಗಿ ಒಣಗಿದ ಮೇಲೆ ಇಡೀ ಕಾಂಕ್ರೀಟಿಗೆ ತೂತು ಮುಚ್ಚುವ ಸೀಲರ್ ಬಳಿದೆವು. ಅದಕ್ಕೆ ನಾಲ್ಕೂವರೆ ಅಂಕ. ಮೂತ್ರ ಈಗ ಮಣಿಮಣಿಯಾಗಿ ಮೇಲೆಯೇ ನಿಲ್ಲುತ್ತದೆ, ಹೋಸ್ ಹಿಡಿದರೆ ಓಡುತ್ತದೆ. ಅರ್ಧ ಅಂಕ ಕಳೆದದ್ದು ಒದ್ದೆಯಾದಾಗ ಜಾರುವುದಕ್ಕೆ. ಬಳಿಯುವ ಮುನ್ನ ಅದರಲ್ಲಿ ಹಿಡಿ ಸಣ್ಣ ಮರಳು ಬೆರೆಸಬೇಕಿತ್ತು.

ಗುಲಾಬಿ ಪುಡಿಯ ಡಬ್ಬಿ ಈಗ ತಳ ಕಾಣುತ್ತಿದೆ, ಅದನ್ನೇ ಮತ್ತೆ ತರಿಸುತ್ತೇನೆ. ನೇರಳೆ ದ್ರಾವಣ ತರಿಸುವುದಿಲ್ಲ. ನಿನ್ನೆ ತೊಳೆದು ಮುಗಿಸಿ ನೋಡಿದಾಗ, ತಗ್ಗಿದ್ದ ಜಾಗದ ಎಡಬದಿಯಲ್ಲಿ ಅಂಗೈಯಷ್ಟು ನೀರು ಉಳಿದಿತ್ತು. ಫೋಟೊ ತೆಗೆದು ಅಣ್ಣನಿಗೆ ಕಳಿಸಿದ್ದೇನೆ. ಅದು ನೆರಳು ಎಂದು ಅವನ ವಾದ.